ಅಧ್ಯಾಪಕರ ಅಧ್ಯಾಪಕರಿಗೆ ಸಂದ ಮನ್ನಣೆ

ವಿದ್ವಾಂಸನಾದವನು ಒಳ್ಳೆಯ ಅಧ್ಯಾಪಕನೂ ಆಗಿಯೇ ಆಗುವನೆಂಬ ಭಾವನೆಯು ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲದವರೆಗೆ ಬೇರೂರಿಕೊಂಡಿದ್ದಿತು. ಚಿಕ್ಕ ಮಕ್ಕಳ ಉಪಾಧ್ಯಾಯನಿಗೆ ಬೋಧನಕ್ರಮದ ಶಿಕ್ಷಣವು ಅವಶ್ಯವೆಂದು ಎಲ್ಲರೂ ಒಪ್ಪುತ್ತಿದ್ದರು. ಕಾಲೇಜಿನ ಪ್ರಾಧ್ಯಾಪಕನಿಗೆ ಮಾತ್ರ ಅದು ಬೇಡವೆಂದು ಎಣಿಸಿದ್ದರು. ಸಂಶೋಧನೆಗೆ ಪದಕಗಳೂ ಬಿರುದುಗಳೂ ಹೇರಳವಾಗಿದ್ದವು. ಪಾಠ ಹೇಳುವ ಕೌಶಲಕ್ಕೆ ಅಂತಹವು ವಿರಳ. ತನ್ನ ಸಹೋದ್ಯೋಗಿಗಳಿಗೆ ಆ ಕೌಶಲವನ್ನು ಕಲಿಸಿಕೊಡುವವನನ್ನಂತೂ ಕೇಳುವವರೇ ಇರಲಿಲ್ಲ. ಈ ಕೊರತೆಯು ತುಂಬುತ್ತ ಬಂದ ಬಗೆಯನ್ನು ಮುಖ್ಯವಾಗಿ ಕೆನಡಾ ದೇಶದ ಚರಿತ್ರೆಯಿಂದ ಇಲ್ಲಿ ನಿರೂಪಿಸಲಾಗುವುದು.

ಎರಡನೆಯ ಮಹಾಯುದ್ಧವು ಮುಗಿದ ಬಳಿಕ ವಿದ್ಯಾರ್ಥಿಗಳ ಸಂಖ್ಯೆಯು ಪ್ರವಾಹದಂತೆ ಏರಿತು. ಹತ್ತಾರು ಮಂದಿಯೊಡನೆ ಸಂಭಾಷಿಸುತ್ತ ಕಲಿಸಿದ ಪಂಡಿತನು ನೂರಾರು ಮಂದಿಯ ಮುಂದೆ ನಿಲ್ಲಬೇಕಾಯಿತು. ಆಗ ಹಳೆಯ ನಂಬಿಕೆಯು ಸಡಿಲವಾಯಿತು. ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾನಿಲಯದವರು 1962ರಲ್ಲಿ ಕಲಿಕೆ ಮತ್ತು ಬೋಧನೆಗಳ ಸಂಶೋಧನಕೇಂದ್ರವೊಂದನ್ನು ಸ್ಥಾಪಿಸಿದರು. ಕೆನಡಾದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂತಹುದೇ ಕೇಂದ್ರವು ತಲೆಯೆತ್ತಿತು. ಚದರಿಹೋಗಿದ್ದ ಇಂತಹ ಕಾರ್ಯಕರ್ತರನ್ನು ಒಂದುಗೂಡಿಸಲು ಕ್ರಿಸ್ಟೋಫರ್ ನ್ಯಾಪರ್ ಮೊದಲಾದವರು 1981ರಲ್ಲಿ ಉನ್ನತ ಶಿಕ್ಷಣದ ಬೋಧನೆ ಮತ್ತು ಕಲಿಕೆಗಳ ಸಂಘವನ್ನು ಕಟ್ಟಿದರು.

ಈ ಸಂಘವು 1986ರಲ್ಲಿ 3ಎಂ ಎಂಬ ವಾಣಿಜ್ಯ ಸಂಸ್ಥೆಯ ಕೆನಡಾ ಶಾಖೆಯೊಡನೆ ಕೂಡಿ ರಾಷ್ಟ್ರೀಯ ಬೋಧನ ಗೌರವವೊಂದನ್ನು ಏರ್ಪಡಿಸಿತು. ಅಂಟುಪಟ್ಟಿಗಳನ್ನೂ ಉಜ್ಜುಕಾಗದವನ್ನೂ ಮಾಡಿ ಮಾರುವ ಸಂಸ್ಥೆಯು ವಿದ್ಯೆಯ ಈ ಮೂಲೆಗೆ ಕೈನೀಡಿದುದು ವಿಚಿತ್ರವಾಗಿ ಕಾಣಬಹುದು. ಸರ್ಕಾರಗಳು ಮಾಡದಿದ್ದುದನ್ನು ವರ್ತಕರು ಮಾಡಿದರೆಂದು ಸಂತೋಷಪಡುವುದೇ ಯುಕ್ತ. ವರ್ಷಕ್ಕೆ ಹೆಚ್ಚೆಂದರೆ ಹತ್ತು ಮಂದಿಯನ್ನು ಆರಿಸುವುದು ಕ್ರಮ. ತರಗತಿಯಲ್ಲಿ ಚೆನ್ನಾಗಿ ಪಾಠ ಹೇಳುವನೆಂಬುದಷ್ಟರಿಂದಲೇ ಯಾರೂ ಆಯ್ಕೆಯಾಗಲಾರರು. ಸಹಾಧ್ಯಾಪಕರ ಬೋಧನೆಯನ್ನು ಉತ್ತಮಪಡಿಸುವುದರಲ್ಲಿ ಆತನು ಮುಂದಾಳಾಗಿ ದುಡಿದಿರಬೇಕು. ಈ ಎರಡನೆಯ ನಿಬಂಧನೆಯಿಂದಲೇ ಇದು ಇತರ ಬಹುಮಾನಗಳಿಂದ ಭಿನ್ನವಾಯಿತೆಂದು ನಮ್ಮ ಅಭಿಪ್ರಾಯ.

ಪುರಸ್ಕೃತರಿಗೆ ದೊರೆತುದಾದರೂ ಏನು? ಧನದ ಗಂಟಲ್ಲ. ಆಟವಾ ನದಿಯ ದಡದಲ್ಲಿ, 1930ರಲ್ಲಿ ದಿಮ್ಮಿಗಳಿಂದಲೇ ಕಟ್ಟಿದ ಮಾಂಟೆಬೆಲ್ಲೊ ಎಂಬ ವಿಶ್ರಾಂತಿಭವನವೊಂದುಂಟು. ಆ ವರ್ಷದ ಹತ್ತು ಮಂದಿಯನ್ನೂ ಅಲ್ಲಿಗೆ ಕರೆಯಿಸಿ, ಕೆಲವು ದಿನ ಒಟ್ಟಿಗೆ ಇರಿಸಿ, ತಮ್ಮ ತಮ್ಮ ಅನುಭವಗಳನ್ನು ವಿನಿಮಯ ಮಾಡಿಕೊಳ್ಳಲು ಬಿಡುತ್ತಿದ್ದರು. ರಸಾಯನಶಾಸ್ತ್ರದವನೂ ನಾಟಕಶಾಸ್ತ್ರದವನೂ ಒಂದೇ ಮೇಜಿನ ಮುಂದೆ ಕುಳಿತು, ವಿದ್ಯಾರ್ಥಿಗೆ ಅರ್ಥವಾಗದಿರುವುದೇಕೆಂದು ಚರ್ಚಿಸುವ ಅವಕಾಶವು ಅವರವರ ಊರುಗಳಲ್ಲಿ ಎಲ್ಲಿ ದೊರೆಯಬೇಕು!

ಇನ್ನು ಯೋಗ್ಯತೆಯನ್ನು ಅಳೆಯುವ ಬಗೆ. ಸಂಶೋಧಕನಿಗೆ ಪ್ರಕಟವಾದ ಗ್ರಂಥಗಳು ಸಾಕ್ಷಿ. ಬೋಧಕನ ಮಾತು ಗಂಟೆ ಹೊಡೆಯುತ್ತಲೇ ಗಾಳಿಯಲ್ಲಿ ಕರಗುವುದು. ಆದುದರಿಂದ ಕೆನಡಾದ ಪ್ರಾಧ್ಯಾಪಕರ ಸಂಘದವರು ಬೋಧನ ಕಡತವೆಂಬ ಉಪಾಯವನ್ನು ಬಳಕೆಗೆ ತಂದರು. ತಾನು ಕಲಿಸುವ ಉದ್ದೇಶವೇನು, ಪಾಠಕ್ರಮವನ್ನು ಹೇಗೆ ಯೋಜಿಸಿದೆನು, ವಿದ್ಯಾರ್ಥಿಗಳು ಏನೆಂದರು, ಸಹೋದ್ಯೋಗಿಗಳಿಗೆ ಹೇಗೆ ನೆರವಾದೆನು ಎಂಬುದನ್ನೆಲ್ಲ ಅಧ್ಯಾಪಕನೇ ಆಧಾರಸಹಿತವಾಗಿ ಕೂಡಿಹಾಕುವ ಕಟ್ಟು ಅದು. ನ್ಯಾಪರ್ ಅವರೂ ಒಬ್ಬ ಕರ್ತೃವಾಗಿದ್ದ ಅದರ ಕೈಪಿಡಿಯ ಪರಿಷ್ಕೃತ ಆವೃತ್ತಿಯು ಹೊರಬಂದುದೂ 1986ರಲ್ಲಿಯೇ. ಅನಂತರ ಅಮೆರಿಕೆಯಲ್ಲಿಯೂ ಈ ಪದ್ಧತಿಯು ಹರಡಿತು. ಕಡತವನ್ನು ಚೆಲುವಾಗಿ ಬರೆಯಬಲ್ಲವನೇ ಚೆಲುವಾಗಿ ಕಲಿಸುವವನೆಂದು ಹೇಳಲಾಗದೆಂಬ ಆಕ್ಷೇಪವು ಸುಳ್ಳಲ್ಲ. ಆದರೂ ಕೇವಲ ಜನಶ್ರುತಿಯನ್ನು ನಂಬುವುದಕ್ಕಿಂತ ಇದು ಮೇಲು.

ಇಂಗ್ಲೆಂಡಿನ ಮಾರ್ಗವು ಬೇರೆ. ಡಿಯರಿಂಗ್ ಸಮಿತಿಯು 1997ರಲ್ಲಿ ತನ್ನ ವರದಿಯನ್ನೊಪ್ಪಿಸಿ, ಉನ್ನತ ಶಿಕ್ಷಣದ ಅಧ್ಯಾಪಕರಿಗೂ ವೃತ್ತಿಶಿಕ್ಷಣವು ಬೇಕೆಂದು ಒತ್ತಿ ಹೇಳಿತು. ಅದರ ಹಿಂದೆಯೇ 2000ದಲ್ಲಿ ರಾಷ್ಟ್ರೀಯ ಬೋಧನ ಪುರಸ್ಕಾರ ಯೋಜನೆಯು ಪ್ರಾರಂಭವಾಯಿತು. ಮೊದಲ ವರ್ಷ 20 ಮಂದಿಗೆ ತಲಾ 50,000 ಪೌಂಡುಗಳು ಸಂದವು. ಬೋಧನೆಯ ಅಭಿವೃದ್ಧಿಗಾಗಿ ತಾನು ಸೂಚಿಸಿದ ಕಾರ್ಯದಲ್ಲಿ ಅದನ್ನು ವಿನಿಯೋಗಿಸಬೇಕೆಂಬುದು ಕಟ್ಟಳೆ. ಸಂಶೋಧನೆಗೆ ಹಣ ಕೊಡುವಂತೆ ಬೋಧನೆಗೂ ಕೊಟ್ಟರಲ್ಲದೆ ಲೋಕವು ಗೌರವಿಸದೆಂಬುದು ಅವರ ಲೆಕ್ಕಾಚಾರ. ಕೆಲವು ವರ್ಷಗಳಲ್ಲಿ ಪುರಸ್ಕೃತರ ಸಂಖ್ಯೆಯು 50ಕ್ಕೆ ಏರಿತು. 2006ರಿಂದ ತಲಾ ಮೊತ್ತವು 10,000 ಪೌಂಡುಗಳಿಗೆ ಇಳಿಯಿತು.

ಎರಡೂ ದೇಶಗಳಲ್ಲಿ ಒಂದೇ ಸಂದೇಹವು ಮೂಡಿದುದು ಗಮನಾರ್ಹ. ಹಲವರ ಕೂಡುದುಡಿಮೆಯಿಂದ ಫಲಿಸುವ ಕಾರ್ಯಕ್ಕೆ ಒಬ್ಬನ ಕೊರಳಿಗೆ ಮಾಲೆ ಹಾಕುವುದು ನ್ಯಾಯವೆ? ಕೆನಡಾದ ಸಂಘವು ತನ್ನ ಮಾಜಿ ಅಧ್ಯಕ್ಷರಾದ ಅಲನ್ ಬ್ಲಿಝರ್ಡ್ ಅವರ ಹೆಸರಿನಲ್ಲಿ, ಕೂಡಿ ದುಡಿದ ಅಧ್ಯಾಪಕ ತಂಡಗಳಿಗೇ ಮೀಸಲಾದ ಪ್ರಶಸ್ತಿಯನ್ನು 2000ದಲ್ಲಿ ಆರಂಭಿಸಿತು. ಬ್ರಿಟನ್ನಿನಲ್ಲಿ ತಂಡಗಳಿಗೆ ಅಂತಹ ಮನ್ನಣೆಯು 2016ರಲ್ಲಿ ಬಂದಿತು.

ನಮ್ಮ ದೇಶದ ಮಾತನ್ನೂ ಎತ್ತಬೇಕು. ಅಧ್ಯಾಪಕರ ರಾಷ್ಟ್ರಪ್ರಶಸ್ತಿಯು 1958ರಲ್ಲಿಯೇ ಹುಟ್ಟಿತಾದರೂ ಅದು ಶಾಲೆಗಳಿಗೆ ಸೀಮಿತವಾಗಿತ್ತು. 1986ರ ರಾಷ್ಟ್ರೀಯ ಶಿಕ್ಷಣನೀತಿಯ ತರುವಾಯ, ಕಾಲೇಜಿನ ಅಧ್ಯಾಪಕರಿಗೆ ಪುನಶ್ಚೇತನ ಶಿಕ್ಷಣವನ್ನೀಯುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ವಿಶ್ವವಿದ್ಯಾನಿಲಯಗಳಲ್ಲಿ ಏರ್ಪಟ್ಟವು. ಮೈಸೂರು ಬೆಂಗಳೂರುಗಳಿಗೂ ಅವು ಬಂದವು. ಅಲ್ಲಿ ತರಬೇತು ಪಡೆದವರಿಗೆ ಪ್ರಮಾಣಪತ್ರವು ದೊರೆಯುತ್ತಿತ್ತು, ಮೇಲಿನ ಹುದ್ದೆಗೆ ಅದು ಬೇಕಾಗಿಯೂ ಇತ್ತು. ಉನ್ನತ ಶಿಕ್ಷಣದವರಿಗೆ ರಾಷ್ಟ್ರಪ್ರಶಸ್ತಿಯ ಬಾಗಿಲು ತೆರೆದುದು 2023ರಲ್ಲಿ. ಆ ವರ್ಷದ ಸೆಪ್ಟೆಂಬರ್ 5ರಂದು ಸನ್ಮಾನಿತರಾದ 75 ಮಂದಿಯಲ್ಲಿ 13 ಮಂದಿ ಉನ್ನತ ಶಿಕ್ಷಣಕ್ಕೆ ಸೇರಿದವರು. ಆಯ್ಕೆಯ ಅಳತೆಗೋಲುಗಳಲ್ಲಿ ಬೋಧನೆಯ ಪರಿಣಾಮಕ್ಕೂ ಸಮಾಜದೊಡನೆ ನಡೆಸಿದ ಸಂಪರ್ಕಕಾರ್ಯಕ್ಕೂ ಹೆಚ್ಚಿನ ತೂಕವನ್ನಿತ್ತಿದ್ದರು. ಅಧ್ಯಾಪಕರಿಗಾಗಿ ನಡೆಸಿದ ತರಬೇತಿಯ ಲೆಕ್ಕವೂ ಅವುಗಳಲ್ಲಿ ಸೇರಿದ್ದಿತು, ಆದರೆ ಹೊರಗಿನ ಧನದಿಂದ ನಡೆಸಿದ ಸಂಶೋಧನೆ ಮತ್ತು ಸಲಹಾಕಾರ್ಯಗಳೊಡನೆ ಒಂದೇ ಅಂಕಣದಲ್ಲಿ.