ನೂರಕ್ಕೆ ಮೂರು: ಹಳೆಯ ಬಡ್ಡಿ, ಹೊಸ ಕಾರ್ಡು

ತುಮಕೂರಿನ ಮಂಡಿಪೇಟೆಯಲ್ಲಾಗಲಿ, ಗುಬ್ಬಿಯ ಸಂತೆಯಲ್ಲಾಗಲಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಾಗಲಿ ಕೈಸಾಲದ ಮಾತು ಬಂದಾಗ ‘ನೂರಕ್ಕೆ ಎರಡು’, ‘ನೂರಕ್ಕೆ ಮೂರು’ ಎಂದರೆ ಸಾಕು. ಅದು ತಿಂಗಳ ಬಡ್ಡಿ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಲೆಕ್ಕದಲ್ಲಿ ಬಡ್ಡಿ ಹೇಳುವ ಪದ್ಧತಿ ಬ್ಯಾಂಕುಗಳದು. ಆದರೆ ಬ್ಯಾಂಕುಗಳೇ ಕೊಡುವ ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ಹಳೆಯ ಲೇವಾದೇವಿಯ ಭಾಷೆ ಮರಳಿ ಬಂದಿದೆ: ತಿಂಗಳಿಗೆ ಶೇಕಡಾ ಇಷ್ಟು!

ಈ ಮಾಸಿಕ ಲೆಕ್ಕ ತೀರ ಪ್ರಾಚೀನವಾದುದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯ ಪ್ರಕಾರ ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗ, ಅಂದರೆ ವರ್ಷಕ್ಕೆ ಶೇ. 15 ಬಡ್ಡಿ. ಒತ್ತೆಯಿಲ್ಲದ ಸಾಲಕ್ಕೆ ವರ್ಣಾನುಕ್ರಮದಲ್ಲಿ ತಿಂಗಳಿಗೆ ಶೇ. 2ರಿಂದ 5. ಕಾಡು ದಾಟುವ ವ್ಯಾಪಾರಿಗೆ 10, ಕಡಲು ದಾಟುವವನಿಗೆ 20. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚು ಎಂಬ ತತ್ತ್ವದ ಜೊತೆಗೆ, ಸಾಲಗಾರ ಕೆಳವರ್ಣದವನಾದಷ್ಟೂ ಹೊರೆ ಹೆಚ್ಚು ಎಂಬ ಅನ್ಯಾಯವೂ ಅಲ್ಲಿತ್ತು. ಆದರೆ ಧರ್ಮಶಾಸ್ತ್ರಗಳು ಒಂದು ಕಟ್ಟು ಹಾಕಿದ್ದವು. ಒಂದೇ ಬಾರಿಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಇದೇ ‘ದಾಮ್‌ದುಪಟ್’ ನಿಯಮ.

ಶಾಸ್ತ್ರದ ಕಟ್ಟು ಊರಿನ ಚಕ್ರಬಡ್ಡಿಯನ್ನು ತಡೆಯಲಿಲ್ಲ. ಮಳೆ ಕೈಕೊಟ್ಟ ವರ್ಷ ಸಾಲ, ಮರುವರ್ಷ ಅದರ ಬಡ್ಡಿಗೆ ಮತ್ತೊಂದು ಸಾಲ, ಕೊನೆಗೆ ಜಮೀನು ಭೋಗ್ಯಕ್ಕೆ; ಬಯಲುಸೀಮೆಯ ರೈತನಿಗೆ ಇದು ಅಪರಿಚಿತ ಕಥೆಯಲ್ಲ. ಇದಕ್ಕೆ ಉತ್ತರವಾಗಿ ಬಂದದ್ದು ಸಹಕಾರ ಚಳವಳಿ. 1904ರ ಕಾಯ್ದೆಯಡಿ ಮುಂಬಯಿ ಪ್ರಾಂತದ ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಪತ್ತಿನ ಸಂಘ ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾನೂನನ್ನು ಜಾರಿಗೆ ತಂದಿತು. ಒಬ್ಬನ ಸಾಲಕ್ಕೆ ಊರೇ ಜಾಮೀನಾದರೆ ಅಪಾಯ ಕಡಿಮೆ, ಬಡ್ಡಿಯೂ ಕಡಿಮೆ ಎಂಬುದು ಅದರ ಸರಳ ತಿರುಳು.

ಕ್ರೆಡಿಟ್ ಕಾರ್ಡು ಇದಕ್ಕೆ ತದ್ವಿರುದ್ಧ. ಅದಕ್ಕೆ ಒತ್ತೆಯೂ ಇಲ್ಲ, ಜಾಮೀನೂ ಇಲ್ಲ. 1950ರಲ್ಲಿ ಅಮೆರಿಕದಲ್ಲಿ ಡೈನರ್ಸ್ ಕ್ಲಬ್ ಕಾರ್ಡು ಬಂದಿತು. ಭಾರತದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ದಾರಿ ತೆರೆಯಿತು. ಮಹಾನಗರದ ಅಧಿಕಾರಿಗಳ ಜೇಬಿನಲ್ಲಿದ್ದ ಕಾರ್ಡು ಇಂದು ತುಮಕೂರಿನ ಅಂಗಡಿಗಳಿಗೂ, ಕುಣಿಗಲ್ಲಿನಿಂದ ಬೆಂಗಳೂರಿಗೆ ದುಡಿಯಲು ಹೋಗುವವರ ಕೈಗೂ ಬಂದಿದೆ.

ಇದರ ಬಡ್ಡಿಗೆ ಮಿತಿ ಉಂಟೇ? ಕರ್ನಾಟಕದಲ್ಲಿ ಖಾಸಗಿ ಲೇವಾದೇವಿಗಾರರಿಗೆ ಭದ್ರತೆಯುಳ್ಳ ಸಾಲಕ್ಕೆ ವರ್ಷಕ್ಕೆ ಶೇ. 14, ಭದ್ರತೆಯಿಲ್ಲದ್ದಕ್ಕೆ ಶೇ. 16 ಎಂಬ ಮಿತಿ ನಿಗದಿಯಾಗಿತ್ತು. ಅತಿಬಡ್ಡಿ ನಿಷೇಧಿಸುವ 2004ರ ಕಾನೂನೂ ಇದೆ. ಆದರೆ ಬ್ಯಾಂಕುಗಳು ಈ ಕಟ್ಟಿನ ಹೊರಗೆ. ವರ್ಷಕ್ಕೆ ಶೇ. 30 ಮೀರಿದ ಕಾರ್ಡ್ ಬಡ್ಡಿ ಅನುಚಿತ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಅದನ್ನು ರದ್ದುಗೊಳಿಸಿತು. ಹೀಗಾಗಿ ದರ ನೋಡಿ ಆರಿಸುವ ಹೊಣೆ ಗ್ರಾಹಕನದೇ ಆಗಿ ಉಳಿದಿದೆ.

ಲೆಕ್ಕ ಹೀಗಿದೆ. ತಿಂಗಳಿಗೆ ಶೇ. 3ರಂತೆ 10,000 ರೂಪಾಯಿ ಬಾಕಿ ತೀರಿಸದೆ ಬಿಟ್ಟರೆ, ಬಡ್ಡಿಗೆ ಬಡ್ಡಿ ಸೇರಿ ವರ್ಷದ ಕೊನೆಗೆ ಅದು ಸುಮಾರು 14,258 ರೂಪಾಯಿ. ಕಾರ್ಡಿನ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಬೇರೆ. ಮೊದಲ ತಿಂಗಳಿನ ಬಡ್ಡಿ 300, ತೆರಿಗೆ 54. ‘ಕನಿಷ್ಠ ಪಾವತಿ’ ಎಂದು 500 ರೂಪಾಯಿ ಮಾತ್ರ ಕಟ್ಟಿದರೆ ಅಸಲಿಗೆ ಸಲ್ಲುವುದು ಬರೀ 146.

ಪ್ರತಿ ಬಿಲ್ಲನ್ನೂ ಗಡುವಿನೊಳಗೆ ಪೂರ್ತಿ ತೀರಿಸುವವರಿಗೆ ಖರೀದಿಯ ಮೇಲೆ ಬಡ್ಡಿಯೇ ಇಲ್ಲ. ಅವರು ನೋಡಬೇಕಾದದ್ದು ವಾರ್ಷಿಕ ಶುಲ್ಕವನ್ನು. ಬಾಕಿ ಉಳಿಸುವವರಿಗೆ ಮಾತ್ರ ದರವೇ ಮುಖ್ಯ. ಅವರಿಗೆ ಸಾಮಾನ್ಯವಾಗಿ ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿಯಿಲ್ಲದ ಅವಧಿಯೇ ಇಲ್ಲ. ವಾರ್ಷಿಕ ದರವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿತು. ಠೇವಣಿಯ ಭದ್ರತೆಯ ಮೇಲೆ ಕೊಡುವ ಕೆಲವು ಕಾರ್ಡುಗಳ ಬಡ್ಡಿ ಕಡಿಮೆ. ಯಾಜ್ಞವಲ್ಕ್ಯ ಹೇಳಿದ ಒತ್ತೆಯ ನ್ಯಾಯವೇ ಇಲ್ಲಿಯೂ.

ಹೆಸರು ಒಂದೇ ಆದ ಇನ್ನೊಂದು ಕಾರ್ಡೂ ಇದೆ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ, ಸರ್ಕಾರದ ಬಡ್ಡಿ ರಿಯಾಯಿತಿಯಿಂದಾಗಿ, ಅಲ್ಪಾವಧಿ ಬೆಳೆಸಾಲವನ್ನು ನಿಗದಿತ ಮಿತಿಯೊಳಗೆ ಪಡೆದು ಸಕಾಲಕ್ಕೆ ತೀರಿಸಿದವರಿಗೆ ಬಿದ್ದ ಬಡ್ಡಿ ವರ್ಷಕ್ಕೆ ಶೇ. 4. ತಿಂಗಳಿಗೆ ಶೇ. 3 ಎಂಬ ಪುಟ್ಟ ಅಂಕಿ ಇದಕ್ಕಿಂತ ಚಿಕ್ಕದಾಗಿ ಕಾಣುತ್ತದೆ; ನಿಜದಲ್ಲಿ ಅದು ಒಂಬತ್ತು ಪಟ್ಟು. ತೆಂಗು, ಅಡಿಕೆಯ ಗುಬ್ಬಿಯ ತೋಟದ ಮನೆಯೊಂದರಲ್ಲಿ ಈ ಎರಡೂ ಕಾರ್ಡುಗಳು ಒಂದೇ ಪೆಟ್ಟಿಗೆಯಲ್ಲಿರುವುದು ಸಾಧ್ಯ. ಅರ್ಜಿಗೆ ಸಹಿ ಹಾಕುವ ಮುನ್ನ, ಬಡ್ಡಿ ತಿಂಗಳಿಗೋ ವರ್ಷಕ್ಕೋ ಎಂದು ಕೇಳುವುದು ಸಾಲಗಾರನ ಮೊದಲ ರಕ್ಷೆ.