ಮಿನಿ ಕೂಪರ್: ಮೂಲಪಾಠ, ಪಾಠಾಂತರ, ಪ್ರಕ್ಷೇಪ

ಹಸ್ತಪ್ರತಿ ಸಂಪಾದಕರು ಅನುಮಾನ ಹುಟ್ಟಿಸಿದ ಪದ್ಯವನ್ನು ಎದುರಿಗಿಟ್ಟುಕೊಂಡು ಮೊದಲು ಕೇಳುವುದು ಇಷ್ಟು: ಇದು ಕವಿ ಬರೆದದ್ದೇ, ಲಿಪಿಕಾರ ತಿದ್ದಿದ್ದೇ, ಮುಂದೆ ಯಾರೋ ಸೇರಿಸಿದ್ದೇ? ಬ್ರಿಟನ್ನಿನ ಹಳೆಯ ಸಣ್ಣ ಕಾರು ಮಿನಿಯನ್ನು ಅಭ್ಯಾಸ ಮಾಡುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಬಾನೆಟ್ ಮೇಲೆ ‘ಕೂಪರ್ ಎಸ್’ ಎಂಬ ಲಾಂಛನವಿರುವ ಕಾರು ಕಾರ್ಖಾನೆಯಿಂದಲೇ ಹಾಗೆ ಬಂದಿರಬಹುದು. ಸಾದಾ ಮಿನಿಯಾಗಿ ಹುಟ್ಟಿ, ಅದೇ ಕಾಲದ ಟ್ಯೂನಿಂಗ್ ಕಿಟ್‌ನಿಂದ ವೇಗ ಪಡೆದಿರಬಹುದು. ಮೂವತ್ತು ವರ್ಷಗಳ ನಂತರ ಬಿಡಿಭಾಗ ಕೂಡಿಸಿ ಕಟ್ಟಿದ್ದೂ ಇರಬಹುದು. ಈ ಮೂರನ್ನು ಬೇರ್ಪಡಿಸುವ ಆಧಾರಗಳು ಯಾವುವು, ಅವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಈ ಲೇಖನದ ವಿಷಯ.

ಕಾರ್ಖಾನೆಯ ಪಾಠಗಳು

ಅಲೆಕ್ ಇಸಿಗೊನಿಸ್ ವಿನ್ಯಾಸಗೊಳಿಸಿದ ಮಿನಿಯನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) 1959ರ ಆಗಸ್ಟ್ 26ರಂದು ಬಿಡುಗಡೆ ಮಾಡಿತು. ಎಂಜಿನ್ 848 ಸಿಸಿ, ಶಕ್ತಿ 34 ಅಶ್ವಶಕ್ತಿ. ಸಂಸಾರವಂದಿಗರ ಮಿತವ್ಯಯದ ಕಾರು ಎಂಬುದೇ ಅದರ ಉದ್ದೇಶವಾಗಿತ್ತು. ಅದು ತಿರುವುಗಳಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯುವ ಬಗೆಯನ್ನು ಕಂಡು ಅದರೊಳಗೆ ರೇಸಿನ ಕಾರನ್ನು ಗುರುತಿಸಿದವರು ಜಾನ್ ಕೂಪರ್. ಅವರ ಸಂಸ್ಥೆ ಜ್ಯಾಕ್ ಬ್ರಾಬಮ್ ಅವರ ಚಾಲನೆಯಲ್ಲಿ 1959 ಮತ್ತು 1960ರ ಫಾರ್ಮುಲಾ ಒನ್ ಪ್ರಶಸ್ತಿಗಳನ್ನು ಗೆದ್ದಿತ್ತು. ಕೂಪರ್ ಅವರ ಒತ್ತಾಯದ ಫಲವಾಗಿ 1961ರಲ್ಲಿ ಮಿನಿ ಕೂಪರ್ ಬಂದಿತು. ಸ್ಟ್ರೋಕನ್ನು (ಪಿಸ್ಟನ್ ಚಲಿಸುವ ದೂರವನ್ನು) 68.26 ಮಿ.ಮೀ.ನಿಂದ 81.28ಕ್ಕೆ ಹಿಗ್ಗಿಸಿ ಎಂಜಿನನ್ನು 997 ಸಿಸಿಗೆ ಏರಿಸಲಾಯಿತು. ಎರಡು ಎಸ್‌ಯು ಕಾರ್ಬ್ಯುರೇಟರ್, ಮುಂದಿನ ಗಾಲಿಗಳಿಗೆ 7 ಇಂಚಿನ ಡಿಸ್ಕ್ ಬ್ರೇಕ್, 55 ಅಶ್ವಶಕ್ತಿ. 1964ರಲ್ಲಿ ಇದರ ಜಾಗಕ್ಕೆ 998 ಸಿಸಿ ಎಂಜಿನ್ ಬಂದಿತು. ಒಂದೇ ಸಿಸಿಯ ವ್ಯತ್ಯಾಸವೆಂದು ಇದನ್ನು ಕಡೆಗಣಿಸುವಂತಿಲ್ಲ. ಬೋರ್ (ಸಿಲಿಂಡರಿನ ಒಳವ್ಯಾಸ) 64.58, ಸ್ಟ್ರೋಕ್ 76.2 ಮಿ.ಮೀ. ಇರುವ ಇದು ಅಳತೆಯಲ್ಲೇ ಬೇರೆಯ ಎಂಜಿನ್.

ಕೂಪರ್ ಎಸ್‌ನ ಕಥೆ ಇನ್ನೂ ಆಳದ್ದು. ಬೋರನ್ನು 70.6 ಮಿ.ಮೀ.ಗೆ ಹಿಗ್ಗಿಸಲು ಹಳೆಯ ಬ್ಲಾಕಿನಲ್ಲಿ ಜಾಗವಿರಲಿಲ್ಲ. ಅದಕ್ಕಾಗಿ ಹೊರಗಿನ ಎರಡು ಸಿಲಿಂಡರುಗಳನ್ನು ಇನ್ನಷ್ಟು ಹೊರಕ್ಕೆ, ಒಳಗಿನ ಎರಡನ್ನು ಒಂದಕ್ಕೊಂದು ಹತ್ತಿರಕ್ಕೆ ಸರಿಸಿ ಹೊಸ ಬ್ಲಾಕನ್ನೇ ಎರಕ ಹೊಯ್ದರು. ಹೆಚ್ಚಿದ ಒತ್ತಡ ತಾಳಲು ಸಿಲಿಂಡರ್ ಹೆಡ್ಡನ್ನು ಬಿಗಿಯುವ ಬೋಲ್ಟುಗಳು ಒಂಬತ್ತರಿಂದ ಹನ್ನೊಂದಾದವು. ಕ್ರ್ಯಾಂಕ್‌ಶಾಫ್ಟಿನ ಉಕ್ಕನ್ನು ನೈಟ್ರೈಡಿಂಗ್ ಕ್ರಿಯೆಯಿಂದ ಗಟ್ಟಿಗೊಳಿಸಿದರು. ಬೋರ್ ಒಂದೇ, ಸ್ಟ್ರೋಕ್ ಮೂರು: 1963ರಲ್ಲಿ 68.26 ಮಿ.ಮೀ.ನ 1071 ಸಿಸಿ; 1964ರಲ್ಲಿ 61.91ರ 970 ಮತ್ತು 81.33ರ 1275. ರೇಸುಗಳಲ್ಲಿ 1000, 1100, 1300 ಸಿಸಿ ಎಂಬ ವರ್ಗಗಳಿದ್ದುದೇ ಇದಕ್ಕೆ ಕಾರಣ. ಮೂರು ವರ್ಗಕ್ಕೆ ಮೂರು ಎಂಜಿನ್. 1964ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಪ್ಯಾಡಿ ಹಾಪ್‌ಕರ್ಕ್ ಮತ್ತು ಹೆನ್ರಿ ಲಿಡನ್ ಗೆದ್ದದ್ದು 1071ರಲ್ಲಿ. ಎಸ್‌ನ ಡಿಸ್ಕುಗಳು 7.5 ಇಂಚಿನವು, ಬ್ರೇಕಿಗೆ ಸರ್ವೊ ನೆರವೂ ಇತ್ತು. ಬ್ರೇಕಿನ ಬಿಸಿ ಹೊರಹೋಗಲೆಂದು ಚಕ್ರದ ಉಕ್ಕಿನಲ್ಲಿ ತೂತುಗಳಿದ್ದವು. ಎಸ್ ಸರಣಿಯ ತಯಾರಿಕೆ ಬ್ರಿಟನ್ನಿನಲ್ಲಿ 1971ಕ್ಕೆ ಮುಗಿಯಿತು.

ಕಿಟ್‌ಗಳ ಪರಂಪರೆ

ಕೂಪರ್ ಹುಟ್ಟುವ ಮೊದಲೇ ಮಿನಿಗೆ ಕಿಟ್‌ಗಳು ಬಂದಿದ್ದವು. ಇಂಥ ಕಿಟ್ ತಯಾರಿಸುತ್ತಿದ್ದ ಲಂಡನ್ನಿನ ಸ್ಪೀಡ್‌ವೆಲ್ ಸಂಸ್ಥೆಯ ಆರಂಭದ ವರ್ಷಗಳಲ್ಲಿ ಜಾನ್ ಸ್ಪ್ರಿಂಜೆಲ್ ಜತೆಗೆ ರೇಸ್ ಚಾಲಕ ಗ್ರಹಾಂ ಹಿಲ್ ಕೂಡ ಇದ್ದರು. ವಿಲ್ಟ್‌ಷೈರಿನ ಡೌನ್‌ಟನ್ ಎಂಬ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ನಡೆಸುತ್ತಿದ್ದ ಡೌನ್‌ಟನ್ ಎಂಜಿನಿಯರಿಂಗ್‌ನ ಹೆಡ್ಡುಗಳಿಗೆ ವಿಶೇಷ ಮಾನವಿತ್ತು. ಅನಿಲ ಹರಿಯುವ ದಾರಿಗಳನ್ನು ಕೈಯಿಂದ ಉಜ್ಜಿ ತಿದ್ದಿ, ದೊಡ್ಡ ವಾಲ್ವುಗಳನ್ನು ಕೂಡಿಸಿ, ಹೊಗೆನಳಿಗೆಗಳನ್ನು ಮರುರೂಪಿಸುವುದು ಅವರ ಕಸುಬು. ಅಲ್ಲಿ ಕೆಲಸ ಕಲಿತ ಯಾನ್ ಓಡೋರ್ ಮುಂದೆ ಜಾನ್‌ಸ್ಪೀಡ್ ಸಂಸ್ಥೆ ಕಟ್ಟಿದರು. ರಿಚ್ಮಂಡ್ ಬಿಎಂಸಿಗೂ ಸಲಹೆಗಾರರಾಗಿದ್ದರು. ಆಬಿಂಗ್ಡನ್ನಿನ ಎಂಜಿ ಕಾರ್ಖಾನೆಯಲ್ಲಿದ್ದ ಬಿಎಂಸಿಯ ಸ್ಪೆಷಲ್ ಟ್ಯೂನಿಂಗ್ ವಿಭಾಗವಂತೂ ರ‍್ಯಾಲಿ ತಂಡದ ಅನುಭವದಿಂದ ಬಂದ ಬಿಡಿಭಾಗಗಳನ್ನು ಜನಸಾಮಾನ್ಯರಿಗೂ ಮಾರುತ್ತಿತ್ತು.

ಹೀಗಾಗಿ ಕಾರ್ಖಾನೆ ಒಂದು ಕಡೆ, ಕಿಟ್ ಇನ್ನೊಂದು ಕಡೆ ಎಂದು ಗೆರೆ ಎಳೆಯುವುದು ಆ ಕಾಲಕ್ಕೇ ಕಷ್ಟವಿತ್ತು. ಸಲಹೆಗಾರ ಒಬ್ಬನೇ, ಬಿಡಿಭಾಗದ ಅಂಗಡಿ ಕಾರ್ಖಾನೆಯದೇ. ಆದ್ದರಿಂದ ಕಿಟ್ ಹಾಕಿದ ಕಾರನ್ನು ನಕಲಿ ಎಂದು ತಳ್ಳಿಹಾಕುವ ರೂಢಿಯನ್ನು ನಾನು ಒಪ್ಪಲಾರೆ. 1962ರಲ್ಲಿ ಡೌನ್‌ಟನ್ ಹೆಡ್ ಹಾಕಿಸಿಕೊಂಡ ಮಿನಿ ಆ ಕಾಲದ್ದೇ ಆದ ಪಾಠಾಂತರ. ಸಾದಾ ಕಾರಿಗೆ ಇತ್ತೀಚೆಗೆ ಲಾಂಛನ ಅಂಟಿಸಿ ಅದನ್ನು ಕೂಪರ್ ಎಸ್ ಎಂದು ಕರೆಯುವುದು ಮಾತ್ರ ಪ್ರಕ್ಷೇಪ.

ಆಧಾರಗಳು ಮತ್ತು ಅವುಗಳ ಮಿತಿ

ಹೊರಗಣ್ಣಿಗೆ ಕಾಣುವ ಗುರುತುಗಳೇ ಎಲ್ಲಕ್ಕಿಂತ ದುರ್ಬಲ. ಜಾಲರಿ, ಬೇರೆ ಬಣ್ಣದ ಮಾಡು, ಲಾಂಛನ, ತೂತಿನ ಚಕ್ರ ಎಲ್ಲವೂ ಇಂದು ಕೊಳ್ಳಲು ಸಿಗುತ್ತವೆ.

ಚಾಸಿ ಸಂಖ್ಯೆ ಇದಕ್ಕಿಂತ ಗಟ್ಟಿ ಆಧಾರ. ಆದರೆ ಅದನ್ನು ಓದಲು ಬರಬೇಕು. ಮೊದಲ ಪೀಳಿಗೆಯಲ್ಲಿ ಆಸ್ಟಿನ್ ಹೆಸರಿನಲ್ಲಿ ಮಾರಾಟವಾದ ಕೂಪರ್‌ಗಳ ಸಂಖ್ಯೆ ‘ಸಿ-ಎ2ಎಸ್7’ ಎಂದೂ ಮಾರಿಸ್ ಹೆಸರಿನಲ್ಲಿ ಮಾರಾಟವಾದವುಗಳದು ‘ಕೆ-ಎ2ಎಸ್4’ ಎಂದೂ ಆರಂಭವಾಗುತ್ತದೆ. ಇಲ್ಲಿನ ‘ಎಸ್’ ಕಂಡು ಕೂಪರ್ ಎಸ್ ಎಂದು ತಿಳಿಯುವವರಿದ್ದಾರೆ. ‘2ಎಸ್’ ಎಂದರೆ ಎರಡು ಬಾಗಿಲಿನ ಸಲೂನ್, ಅಷ್ಟೇ. ಸಾದಾ ಕೂಪರ್‌ಗೂ ಕೂಪರ್ ಎಸ್‌ಗೂ ಈ ಆರಂಭಾಕ್ಷರಗಳು ಒಂದೇ. ಶಾಸನದ ಒಂದಕ್ಷರವನ್ನು ತಪ್ಪಾಗಿ ಓದಿ ರಾಜನ ಹೆಸರನ್ನೇ ಬದಲಿಸಿದಂಥ ಪ್ರಮಾದವಿದು.

ಮೂರನೆಯದು ಎರಕದ ಸಂಖ್ಯೆ. ‘12ಜಿ295’ ಎಂಬ ಹೆಡ್ 998 ಕೂಪರ್‌ನದು ನಿಜ. ಅದೇ ಹೆಡ್ ಎಂಜಿ 1100 ಕಾರಿನಲ್ಲೂ ಇತ್ತು. 1967ರಿಂದ ಬಂದ ಸಾದಾ ಮಿನಿ 1000ರ ಬೋರ್ ಮತ್ತು ಸ್ಟ್ರೋಕ್ 998 ಕೂಪರ್‌ನವೇ. ಅದಕ್ಕೆ ಈ ಹೆಡ್ ಮತ್ತು ಎರಡು ಕಾರ್ಬ್ಯುರೇಟರ್ ಕೂಡಿಸಿದರೆ ಎಂಜಿನ್ ಮೇಲ್ನೋಟಕ್ಕೆ ಕೂಪರ್‌ನದೇ ಆಗಿಬಿಡುತ್ತದೆ. 1275ರ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 1969ರಲ್ಲಿ ಬಂದ 1275 ಜಿಟಿಯ ಎಂಜಿನ್ ಗಾತ್ರ ಎಸ್‌ನಷ್ಟೇ. ಆದರೆ ಅದರ ಹೆಡ್ಡಿಗೆ ಒಂಬತ್ತೇ ಬೋಲ್ಟುಗಳು, ಕಾರ್ಬ್ಯುರೇಟರ್ ಒಂದೇ. ಎಸ್ ಬ್ಲಾಕಿನ ಪಕ್ಕದಲ್ಲಿ ಟ್ಯಾಪೆಟ್‌ಗಳನ್ನು ತಲುಪಲು ಕಳಚಬಹುದಾದ ಮುಚ್ಚಳಗಳಿವೆ. ಜಿಟಿಯ ಬ್ಲಾಕಿನಲ್ಲಿ ಅವಿಲ್ಲ. ‘ಎಇಜಿ163’ ಎಂಬ ಹೆಡ್, ಹನ್ನೊಂದು ಬೋಲ್ಟು, ಪಕ್ಕದ ಮುಚ್ಚಳ – ಈ ಮೂರೂ ಒಟ್ಟಿಗೆ ಕಂಡರೆ ಎಂಜಿನ್ ಎಸ್‌ನದು ಎನ್ನಬಹುದು. ಎಂಜಿನ್ ಎಸ್‌ನದಾದ ಮಾತ್ರಕ್ಕೆ ಕಾರೂ ಎಸ್ ಆಗುವುದಿಲ್ಲ ಎಂಬುದನ್ನೂ ಮರೆಯಬಾರದು.

ನಾಲ್ಕನೆಯದು ದಾಖಲೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ತಯಾರಿಕಾ ದಾಖಲೆಗಳ ಆಧಾರದ ಮೇಲೆ ಪ್ರಮಾಣಪತ್ರ ಕೊಡುತ್ತದೆ. ಚಾಸಿ ಸಂಖ್ಯೆಯ ಜತೆಗೆ ಮೂಲ ಎಂಜಿನ್ ಸಂಖ್ಯೆ, ಬಣ್ಣ, ತಯಾರಾದ ದಿನ ತಿಳಿಯುವುದು ಇಲ್ಲಿಂದ. ಆದರೆ ಹಳೆಯ ಸಂಖ್ಯಾಫಲಕವನ್ನು ಹೊಸ ಒಡಲಿಗೆ ಬಡಿದಿದ್ದರೆ ಕಾಗದ ಸತ್ಯವಾಗಿದ್ದೂ ಕಾರು ಸುಳ್ಳಾಗುತ್ತದೆ. ದಾಖಲೆಯನ್ನು ಲೋಹದೊಂದಿಗೆ ಇಟ್ಟು ಓದಿದಾಗಲೇ ಅದಕ್ಕೆ ಅರ್ಥ.

ಗಡಿ ಅಳಿಸಿದ ಮೂರು ವರ್ಷಗಳು

1989ರಿಂದ 1991ರ ಅವಧಿ ಈ ಅಭ್ಯಾಸಕ್ಕೆ ಒಂದು ಪರೀಕ್ಷೆ. ಜಾನ್ ಕೂಪರ್ ತಮ್ಮ ಗ್ಯಾರೇಜಿನಿಂದ 998 ಸಿಸಿ ಮಿನಿಗೆ ಎರಡು ಕಾರ್ಬ್ಯುರೇಟರ್‌ಗಳ ಕಿಟ್ ಮಾರಿದರು. ಶಕ್ತಿ 64 ಅಶ್ವಶಕ್ತಿ. ಬೇಡಿಕೆ ಕಂಡು, ಆಗ ಮಿನಿ ತಯಾರಿಸುತ್ತಿದ್ದ ರೋವರ್ ಸಂಸ್ಥೆ 1990ರಲ್ಲಿ ಕೂಪರ್ ಹೆಸರನ್ನು ಕಾರ್ಖಾನೆಗೆ ಮರಳಿ ತಂದಿತು. ಆ 1275 ಸಿಸಿ ಕಾರಿನ ಶಕ್ತಿ 61 ಅಶ್ವಶಕ್ತಿ. ಕಾರ್ಖಾನೆಯ ಕೂಪರ್‌ಗಿಂತ ಕಿಟ್ ಹಾಕಿದ ಸಾದಾ ಮಿನಿಯೇ ಬಲಶಾಲಿ! 1991ರಲ್ಲಿ ಕಾರ್ಖಾನೆಯ ಕೂಪರನ್ನು 78 ಅಶ್ವಶಕ್ತಿಗೆ ಏರಿಸುವ ಕಿಟ್ ಬಂದಿತು. ಅದರ ಹೆಸರೇ ಕೂಪರ್ ಎಸ್. ಮೂವತ್ತು ವರ್ಷಗಳ ಹಿಂದೆ ಕಾರ್ಖಾನೆಗೆ ಕೂಪರ್ ಕಲ್ಪನೆ ಕೊಟ್ಟವರೇ ಈಗ ಹೊರಗಿನಿಂದ ‘ಎಸ್’ ಸೇರಿಸುತ್ತಿದ್ದರು. ಇಂಥ ಕಾರಿನ ಮಟ್ಟಿಗೆ ಡೀಲರ್ ಮುದ್ರೆಯಿರುವ ಬಿಲ್ಲು ಎರಕದ ಸಂಖ್ಯೆಯಷ್ಟೇ ದೊಡ್ಡ ಆಧಾರ.

ನಿರ್ಣಯ

ಇದರಿಂದ ಮೂರು ಮಾತು ಸ್ಪಷ್ಟವಾಗುತ್ತವೆ. ಶಕ್ತಿಯ ಅಂಕಿ ಕಾರಿನ ಜಾತಿಯನ್ನು ಹೇಳುವುದಿಲ್ಲ. ಯಾವ ಗುರುತೂ ಒಂಟಿಯಾಗಿ ಸಾಕ್ಷಿಯಾಗದು. ಚಾಸಿ, ಎಂಜಿನ್, ಎರಕ, ದಾಖಲೆ ನಾಲ್ಕೂ ಒಂದೇ ಕಥೆ ಹೇಳಬೇಕು. ಆ ಕಾಲದ ಕಿಟ್‌ಗೆ ಅದರದೇ ಹೆಸರು, ಅದರದೇ ಗೌರವ ಸಲ್ಲಬೇಕು. ಹಳೆಯ ಕಾರನ್ನು ‘ಮೂಲಸ್ಥಿತಿಗೆ ತರುವ’ ಉತ್ಸಾಹದಲ್ಲಿ ಸ್ಪೀಡ್‌ವೆಲ್‌ನ ನಳಿಗೆಯನ್ನೋ ಡೌನ್‌ಟನ್‌ನ ಹೆಡ್ಡನ್ನೋ ಕಿತ್ತೆಸೆಯುವುದು ಓಲೆಗರಿಯ ಅಂಚಿನಲ್ಲಿರುವ ಟಿಪ್ಪಣಿಯನ್ನು ಕತ್ತರಿಸಿ ಹಾಕಿದಂತೆ. ಕಾರು ಯಾರ ಕೈಯಲ್ಲಿದೆಯೋ ಅವರಲ್ಲಿ ನನ್ನ ವಿನಂತಿ: ಬಿಚ್ಚುವ ಮೊದಲು ಬರೆದಿಡಿ, ಚಿತ್ರ ತೆಗೆದಿಡಿ, ಹಳೆಯ ಬಿಲ್ಲುಗಳನ್ನು ಕಾರಿನ ಜತೆಗೇ ಮುಂದಿನವರಿಗೆ ಒಪ್ಪಿಸಿ.