ಲೆನ್ಸ್ ಮೇಲಿನ ‘50 ಮಿ.ಮೀ.’ ಏನನ್ನು ಹೇಳುತ್ತದೆ?

ಕ್ಯಾಮೆರಾ ಲೆನ್ಸುಗಳ ಮೇಲೆ 24, 50, 200 ಮಿ.ಮೀ. ಎಂದು ಬರೆದಿರುವುದನ್ನು ನಾವು ನೋಡಿರುತ್ತೇವೆ. ಅದು ಲೆನ್ಸಿನ ಉದ್ದವಲ್ಲ, ಎಷ್ಟು ದೂರದವರೆಗೆ ಕಾಣುತ್ತದೆ ಎಂಬ ಲೆಕ್ಕವೂ ಅಲ್ಲ. ಅದು ಫೋಕಲ್ ಲೆಂತ್, ಅಂದರೆ ಶಾಲೆಯಲ್ಲಿ ಓದಿದ ಸಂಗಮದೂರ.

ಮನೆಯ ಕಿಟಕಿಗೆ ಮುಖ ಹತ್ತಿರ ತಂದರೆ ಇಡೀ ಬೀದಿ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎದುರುಮನೆಯ ಬಾಗಿಲಷ್ಟೇ ಕಾಣುತ್ತದೆ. ಕಿಟಕಿ ಅದೇ, ಆದರೆ ನೋಟದ ಕೋನ ಕಿರಿದಾಯಿತು. ಕ್ಯಾಮೆರಾದಲ್ಲಿ ಸೆನ್ಸರೇ ಆ ಕಿಟಕಿ. ಫೋಕಲ್ ಲೆಂತ್ ಎಂದರೆ ಕಿಟಕಿಯಿಂದ ನಮ್ಮ ಕಣ್ಣಿಗಿರುವ ದೂರ. 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರಿನಲ್ಲಿ, ಮೂಲೆಯಿಂದ ಮೂಲೆಗೆ ಅಳೆದರೆ, 24 ಮಿ.ಮೀ. ಲೆನ್ಸಿನ ನೋಟ ಸುಮಾರು 84 ಡಿಗ್ರಿ. 50 ಮಿ.ಮೀ.ಗೆ ಅದು 47, 200 ಮಿ.ಮೀ.ಗೆ ಬರೀ 12 ಡಿಗ್ರಿ.

ಕಿಟಕಿ ಚಿಕ್ಕದಾದರೂ ನೋಟ ಕಿರಿದಾಗುತ್ತದೆ. ಹಾಗಾಗಿಯೇ ಮೊಬೈಲ್ ಜಾಹೀರಾತಿನಲ್ಲಿ ‘24 ಮಿ.ಮೀ.’ ಎಂದಿದ್ದರೆ, ಫುಲ್ ಫ್ರೇಮಿನಲ್ಲಿ 24 ಮಿ.ಮೀ. ಲೆನ್ಸ್ ಕೊಡುವಷ್ಟೇ ನೋಟ ಎಂದು ಓದಿಕೊಳ್ಳಬೇಕು. ಫೋನಿನ ಪುಟ್ಟ ಸೆನ್ಸರಿಗೆ ಕೆಲವೇ ಮಿಲಿಮೀಟರ್ ಸಾಕು.

ಇನ್ನು ಒಂದು ತಪ್ಪು ನಂಬಿಕೆ: ಟೆಲಿ ಲೆನ್ಸ್ ದೂರವನ್ನೇ ಕುಗ್ಗಿಸಿ ಜನರನ್ನು ಒತ್ತೊತ್ತಾಗಿ ತೋರಿಸುತ್ತದೆ ಎನ್ನುವುದು. ಸಾಲಿನಲ್ಲಿ ಇಬ್ಬರು 2 ಮೀಟರ್ ಅಂತರದಲ್ಲಿ ನಿಂತಿದ್ದಾರೆ ಎನ್ನೋಣ. ಮುಂದಿನವರಿಂದ 2 ಮೀಟರ್ ದೂರದಲ್ಲಿ ನಿಂತು ಫೋಟೊ ತೆಗೆದರೆ, ಹಿಂದಿನವರು ಅರ್ಧ ಗಾತ್ರಕ್ಕೆ ಕಾಣುತ್ತಾರೆ. 30 ಮೀಟರ್ ದೂರದಿಂದ ತೆಗೆದರೆ 30ಕ್ಕೂ 32ಕ್ಕೂ ಏನು ಮಹಾ ವ್ಯತ್ಯಾಸ? ಇಬ್ಬರೂ ಒಂದೇ ಗಾತ್ರದಲ್ಲಿ, ಒಬ್ಬರಿಗೊಬ್ಬರು ಅಂಟಿಕೊಂಡಂತೆ ಕಾಣುತ್ತಾರೆ. ಇದು ನಿಂತ ಜಾಗದ ಪರಿಣಾಮ. ಅಲ್ಲೇ ನಿಂತು ವೈಡ್ ಲೆನ್ಸಿನಲ್ಲಿ ತೆಗೆದು ನಡುಭಾಗವನ್ನು ಕತ್ತರಿಸಿಕೊಂಡರೂ ಅದೇ ಚಿತ್ರ ಸಿಗುತ್ತದೆ, ಸ್ಪಷ್ಟತೆ ಮಾತ್ರ ಕಡಿಮೆ.

2020ರ ಏಪ್ರಿಲ್‌ನಲ್ಲಿ, ಕೊರೊನಾ ಸಮಯದಲ್ಲಿ, ಡೆನ್ಮಾರ್ಕ್‌ನ ರಿಟ್ಸೌ ಸ್ಕ್ಯಾನ್‌ಪಿಕ್ಸ್ ಸಂಸ್ಥೆಯ ಛಾಯಾಗ್ರಾಹಕರು ಇದನ್ನೇ ತೋರಿಸಿಕೊಟ್ಟರು. ಟೆಲಿ ಚಿತ್ರದಲ್ಲಿ ನೂಕುನುಗ್ಗಲಿನಂತೆ ಕಂಡ ಸಾಲು, ವೈಡ್ ಚಿತ್ರದಲ್ಲಿ ಅಂತರ ಕಾಯ್ದುಕೊಂಡಿತ್ತು. ಎರಡೂ ಸುಳ್ಳು ಚಿತ್ರಗಳಲ್ಲ. ಆದರೆ ಮೊದಲನೆಯದನ್ನಷ್ಟೇ ನೋಡಿದವರು ಆ ಜನರನ್ನು ನಿಯಮ ಮುರಿದವರೆಂದೇ ಬೈಯುತ್ತಿದ್ದರು. ಜನಜಂಗುಳಿಯ ಚಿತ್ರ ವಾಟ್ಸಾಪಿನಲ್ಲಿ ಬಂದಾಗ ನಾವು ಮೊದಲು ಕೇಳಬೇಕಾದ್ದು, ತೆಗೆದವರು ಎಷ್ಟು ದೂರ ನಿಂತಿದ್ದರು ಎಂದು.